ಐನೂರ ಹನ್ನೆರಡು ಬೈಟುಗಳ ಕಥೆ

ಮೊನ್ನೆ ಶನಿವಾರ ತಂಗಿ ನನ್ನ ರೂಮಿಗೆ ಬಂದಿದ್ದಳು. ಮರುದಿನ ಬೆಳಿಗ್ಗೆ ಪುಣೆಗೆ ಫ್ಲೈಟು, ಸೋಮವಾರದಿಂದ ಹೊಸ ಕೆಲಸ. ಚಿಕ್ಕವರಿದ್ದಾಗ ಟಿವಿ ಗೇಮಿನ ಕಂಟ್ರೋಲರಿಗಾಗಿ ಕಿತ್ತಾಡಿಕೊಂಡವರು ನಾವು. ಹೋಗುವ ಮುಂಚೆ ಒಂದು ಆಟ ಆಡೋಣ ಅಂತ ಕೂತೆವು.

ಆಟ ‘ಸೇಕೆನ್ ದೆನ್ಸೆತ್ಸು 3’. 1995ರಲ್ಲಿ ಸ್ಕ್ವೇರ್ ಕಂಪನಿ ಸೂಪರ್ ಫ್ಯಾಮಿಕಾಮ್‌ಗಾಗಿ ಜಪಾನಿನಲ್ಲಿ ಮಾತ್ರ ಬಿಟ್ಟಿದ್ದು. ಅಧಿಕೃತ ಇಂಗ್ಲಿಷ್ ಬಂದದ್ದು 2019ರಲ್ಲಿ. ಅಭಿಮಾನಿಗಳು ಮಾತ್ರ 2000ದಲ್ಲೇ ಪುಕ್ಕಟೆಯಾಗಿ ಅನುವಾದಿಸಿ, ಐಪಿಎಸ್ ಪ್ಯಾಚ್ ಮಾಡಿಟ್ಟಿದ್ದರು. ನನ್ನ ಬಳಿ ಜಪಾನಿ ಕಾರ್ಟ್ರಿಡ್ಜ್ ಇತ್ತು. ಅದರಿಂದ ಫೈಲು ತೆಗೆದು, ಪ್ಯಾಚ್ ಹಾಕಿ, ಎಮ್ಯುಲೇಟರಿನಲ್ಲಿ ತೆರೆದೆ.

ಕಪ್ಪು ಪರದೆ.

ಎಮ್ಯುಲೇಟರ್ ಬದಲಿಸಿದೆ. ಸೆಟ್ಟಿಂಗ್ಸ್ ಎಲ್ಲ ತಿರುಗಿಸಿದೆ. ಗಂಟೆ ಹತ್ತಾಯಿತು. “ಪ್ಯಾಚ್ ಮಾಡಿದವರೇ ಸರಿಯಾಗಿ ಮಾಡಿಲ್ಲ ಕಣೇ” ಅಂದೆ.

“ಜೊತೆಗೆ ರೀಡ್‌ಮಿ ಇತ್ತಲ್ಲಣ್ಣ, ಓದಿದ್ಯಾ?”

ಇನ್‌ಸ್ಟಾಲ್ ಮಾಡುವ ಮುಂಚೆ ನೋಟ್ಸ್ ಓದಲ್ಲ ಅಂತ ಆಫೀಸಿನಲ್ಲಿ ದಿನಾ ಗೊಣಗುವವನು ನಾನು! ತೆರೆದು ನೋಡಿದರೆ ಒಂದೇ ಸಾಲಿನಲ್ಲಿ ಉತ್ತರ: ಹೆಡರ್ ಇರುವ ಫೈಲು ಬೇಕು.

ವಿಷಯ ಇಷ್ಟೇ. ತೊಂಬತ್ತರ ದಶಕದಲ್ಲಿ ಕಾರ್ಟ್ರಿಡ್ಜನ್ನು ಫ್ಲಾಪಿಗೆ ಇಳಿಸುವ ಸಾಧನಗಳಿದ್ದವು. ಅವು ಫೈಲಿನ ಮುಂದೆ ತಮ್ಮದೇ 512 ಬೈಟು ಸೇರಿಸುತ್ತಿದ್ದವು. ಆಗಿನ ಎಷ್ಟೋ ಪ್ಯಾಚುಗಳ ಲೆಕ್ಕ ಅಲ್ಲಿಂದಲೇ ಶುರು. ನನ್ನ ಫೈಲು 41,94,304 ಬೈಟು, ಸರಿಯಾಗಿ 4 ಎಂಬಿ. ಹೆಡರ್ ಇದ್ದಿದ್ದರೆ 41,94,816 ಇರಬೇಕಿತ್ತು. ಐಪಿಎಸ್‌ಗೆ ಗೊತ್ತಿರುವುದು ‘ಇಷ್ಟನೇ ಬೈಟಿನಿಂದ ಇದನ್ನು ಬರೆ’ ಅನ್ನೋದು ಮಾತ್ರ. ಫೈಲು ಸರಿಯಾದದ್ದೋ ಅಲ್ಲವೋ ಅಂತ ಅದು ನೋಡುವುದೇ ಇಲ್ಲ. ಹಾಗಾಗಿ ಪ್ರತಿಯೊಂದು ಬದಲಾವಣೆಯೂ 512 ಬೈಟು ಆಚೆ ಹೋಗಿ ಕೂತಿತ್ತು, ಒಂದೇ ಒಂದು ಎರರ್ ಬರಲಿಲ್ಲ. ಈಚಿನ ಬಿಪಿಎಸ್ ಪ್ಯಾಚುಗಳಲ್ಲಿ ಮೂಲ ಫೈಲಿನ ಸಿಆರ್‌ಸಿ32 ಇರುತ್ತದೆ. ಬೇರೆ ಫೈಲು ಕೊಟ್ಟರೆ ಆಗಲೇ ಗೊತ್ತಾಗುತ್ತದೆ.

ಇನ್ನೊಂದು ದಡ್ಡತನ: ಬ್ಯಾಕಪ್ ಇಟ್ಟಿರಲಿಲ್ಲ. ಐಪಿಎಸ್‌ನಲ್ಲಿ ಹೊಸ ಬೈಟುಗಳಷ್ಟೇ ಇರುತ್ತವೆ, ಹಳೆಯದು ಇರುವುದಿಲ್ಲ. ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ಕಾರ್ಟ್ರಿಡ್ಜಿನಿಂದ ಮತ್ತೆ ಫೈಲು ತೆಗೆದು, ಪ್ರತಿ ಮಾಡಿಟ್ಟು, ಮುಂದೆ 512 ಸೊನ್ನೆ ಸೇರಿಸಿ, ಪ್ಯಾಚ್ ಹಾಕಿದೆ. ಆಟ ಇಂಗ್ಲಿಷಿನಲ್ಲಿ ಮಾತಾಡಿತು! ಗಂಟೆ ಹನ್ನೊಂದೂವರೆ.

ಈ ಆಟದಲ್ಲಿ ಇಬ್ಬರು ಆಡಬಹುದು, ಆದರೆ ಶುರುವಿನಿಂದಲೇ ಅಲ್ಲ. ಕಥೆಯಲ್ಲಿ ಎರಡನೇ ಪಾತ್ರ ಸಿಗುವವರೆಗೆ ಎರಡನೆಯವರು ಕಾಯಬೇಕು. ಆ ಪಾತ್ರ ಸಿಕ್ಕಾಗ ಖುಷಿಯಿಂದ ತಿರುಗಿ ನೋಡಿದರೆ, ಕಂಟ್ರೋಲರ್ ಕೈಯಲ್ಲಿ ಹಿಡಿದೇ ನಿದ್ದೆ ಹೋಗಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ.

ಯಾರೋ ಗೊತ್ತಿಲ್ಲದವರು ನನ್ನಂಥವನಿಗಾಗಿಯೇ ಆ ಒಂದು ಸಾಲು ಬರೆದಿಟ್ಟಿದ್ದರು. ನಾನು ಅವರನ್ನೇ ಬೈದುಕೊಂಡು ಒಂದಿಡೀ ಸಂಜೆ ಕಳೆದೆ.

ಆಟವನ್ನು ಅಲ್ಲೇ ಸೇವ್ ಮಾಡಿಟ್ಟಿದ್ದೇನೆ, ಈ ಸಲ ಬ್ಯಾಕಪ್ ಸಮೇತ. ದೀಪಾವಳಿಗೆ ಬರ್ತಾಳಂತೆ, ನೋಡೋಣ.