ಎಸ್.ಬಿ. ಬಡ್ಡಿಯೂ ಹತ್ತನೇ ತಾರೀಕೂ

ಬ್ಯಾಂಕಿನಲ್ಲಿ ಕೆಲಸ ಮಾಡುವವನಿಗೆ ಮದುವೆ ಮನೆಯಲ್ಲೂ ಬಿಡುಗಡೆ ಇಲ್ಲ. ಎಲೆಯ ಮುಂದೆ ಕೂತು ಸಾರು ಬರುವ ಮೊದಲೇ ಪಕ್ಕದವರು ಶುರು ಮಾಡುತ್ತಾರೆ, "ಎಸ್.ಬಿ.ಗೆ ಈಗ ಎಲ್ಲಿ ಬಡ್ಡಿ ಜಾಸ್ತಿ ಮಾರಾಯ್ರೆ?" ಮಾಟುಂಗವಾಗಲಿ, ಗೋರೆಗಾಂವ್ ಆಗಲಿ, ನಮ್ಮ ಡೊಂಬಿವಲಿಯೇ ಆಗಲಿ, ಪ್ರಶ್ನೆ ಒಂದೇ. ಎರಡೂವರೆ ಪರ್ಸೆಂಟು ಅಂದರೆ ಮುಖ ಸಣ್ಣದಾಗುತ್ತದೆ. ಏನು ಮಾಡೋಣ? 2025ರ ಜೂನ್‌ನಲ್ಲಿ ಸ್ಟೇಟ್ ಬ್ಯಾಂಕು 2.7 ಇದ್ದದ್ದನ್ನು 2.5ಕ್ಕೆ ಇಳಿಸಿತು. ಎಚ್‌ಡಿಎಫ್‌ಸಿ, ಐಸಿಐಸಿಐಗಳೂ ಅದೇ ತಿಂಗಳು ಅಲ್ಲಿಗೇ ಬಂದು ನಿಂತವು.

ನಾನು ಬಿಕಾಂ ಮುಗಿಸಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಈ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ರಿಸರ್ವ್ ಬ್ಯಾಂಕು ಹೇಳಿದಷ್ಟೇ ಬಡ್ಡಿ, ಎಲ್ಲಾ ಬ್ಯಾಂಕಿಗೂ ಅದೇ. 2003ರ ಮಾರ್ಚ್‌ನಿಂದ 2011ರ ಮೇ ತನಕ, ಎಂಟು ವರ್ಷಕ್ಕೂ ಮೇಲೆ, ಅದು ಮೂರೂವರೆಯಲ್ಲೇ ಕೂತಿತ್ತು. ದರ ಒಂದೇ ಆದರೂ ಕೈಗೆ ಬರುವ ಬಡ್ಡಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ. ಕಾರಣ ಹತ್ತನೇ ತಾರೀಕು.

ಆಗಿನ ಲೆಕ್ಕ ಹೀಗಿತ್ತು. ತಿಂಗಳ ಹತ್ತನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟು ಹಣ ಇತ್ತೋ ಅಷ್ಟಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಲೆಡ್ಜರಿನ ಪುಟ ಪುಟವನ್ನೂ ನೋಡಿ, ಪೆನ್ಸಿಲಿನಲ್ಲಿ ಆರು ತಿಂಗಳ ಆರು ಮೊತ್ತ ಬರೆದು ಕೂಡಿಸುತ್ತಿದ್ದೆವು. ಇದರಲ್ಲಿ ಏಟು ತಿನ್ನುತ್ತಿದ್ದವರು ಯಾರು ಗೊತ್ತೇ? ನಮ್ಮದೇ ಊರಿನ ಹೋಟೆಲು ಹುಡುಗರು. ನಮ್ಮ ಬ್ರಾಂಚಿನ ಸುತ್ತಲ ಕೆಲವು ಹೋಟೆಲುಗಳಲ್ಲಿ ಸಂಬಳ ಆಗುತ್ತಿದ್ದುದೇ ಹತ್ತನೇ ತಾರೀಕಿನ ರಾತ್ರಿ. ಮರುದಿನ ಬಂದು ಕಟ್ಟುತ್ತಿದ್ದರು. ಜೂನ್ ಹನ್ನೊಂದಕ್ಕೆ ಕಟ್ಟಿದ ಹಣಕ್ಕೆ ಜೂನ್ ಬಡ್ಡಿ ಇಲ್ಲ. ಊರಿಗೆ ಹೊರಡುವವನು ಅದನ್ನು ಜುಲೈ 31ಕ್ಕೆ ತೆಗೆದನೋ, ಜುಲೈ ಬಡ್ಡಿಯೂ ಇಲ್ಲ. ಐವತ್ತು ದಿನ ಹಣ ಬ್ಯಾಂಕಿನಲ್ಲಿ, ಬಡ್ಡಿ ಸೊನ್ನೆ! ಇಪ್ಪತ್ತು ಸಾವಿರಕ್ಕೆ ಮೂರೂವರೆಯಂತೆ ದಿನ ಲೆಕ್ಕ ಹಾಕಿದರೆ 96 ರೂಪಾಯಿ ಹೋಯಿತು. ಇನ್ನೊಬ್ಬ, ತಿಳಿದವನು, ಅದೇ ಇಪ್ಪತ್ತು ಸಾವಿರವನ್ನು ಹತ್ತಕ್ಕೆ ಕಟ್ಟಿ ಮುಂದಿನ ಒಂದಕ್ಕೆ ತೆಗೆದು, ಇಪ್ಪತ್ತೊಂದು ದಿನಕ್ಕೆ ಇಡೀ ತಿಂಗಳಿನ 58 ರೂಪಾಯಿ ಪಡೆಯುತ್ತಿದ್ದ. "ಒಂದು ದಿನ ತಡೆದು ಒಂದನೇ ತಾರೀಕಿಗೆ ತೆಗಿ ಮಾರಾಯ" ಅಂತ ಕೌಂಟರಿನಿಂದ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಬಸ್ಸಿನ ಟಿಕೆಟ್ ಆಗಿರುತ್ತಿತ್ತು, ಕೇಳುವುದೆಲ್ಲಿಂದ.

2010ರ ಏಪ್ರಿಲ್ 1ರಿಂದ ಈ ಪದ್ಧತಿ ಹೋಯಿತು. ಈಗ ಪ್ರತಿದಿನದ ಬ್ಯಾಲೆನ್ಸಿಗೂ ಬಡ್ಡಿ. ನನ್ನ ಪ್ರಕಾರ ಸಣ್ಣ ಖಾತೆದಾರರಿಗೆ ಅದಕ್ಕಿಂತ ದೊಡ್ಡ ಉಪಕಾರ ಆಮೇಲೆ ಆಗಿಲ್ಲ. 2011ರ ಅಕ್ಟೋಬರ್‌ನಲ್ಲಿ ದರ ನಿಗದಿ ಮಾಡುವ ಸ್ವಾತಂತ್ರ್ಯ ಬ್ಯಾಂಕುಗಳಿಗೇ ಸಿಕ್ಕಿತು. ಆಗ ಯೆಸ್ ಬ್ಯಾಂಕು, ಕೋಟಕ್‌ಗಳು ಆರು ಪರ್ಸೆಂಟಿನ ಬೋರ್ಡು ಹಾಕಿ ಸುದ್ದಿಯಾದವು. ಎಲ್ಲರಿಗೂ ನೆನಪಿರುವುದು ಈ ಬೋರ್ಡುಗಳೇ, ದಿನದ ಲೆಕ್ಕ ಯಾರಿಗೂ ನೆನಪಿಲ್ಲ. ಹ್ಞಾಂ, ಪೋಸ್ಟಾಫೀಸಿನಲ್ಲಿ ಆ ಹತ್ತನೇ ತಾರೀಕು ಇನ್ನೂ ಬದುಕಿದೆ. ಅಲ್ಲಿ ನಾಲ್ಕು ಪರ್ಸೆಂಟು ಕೊಡುತ್ತಾರೆ ನಿಜ, ಆದರೆ ಹತ್ತರೊಳಗೆ ಕಟ್ಟಬೇಕು, ತಿಂಗಳ ಕೊನೆಯವರೆಗೆ ಮುಟ್ಟಬಾರದು.

ಈಗ ಆ ಏಳು ಪರ್ಸೆಂಟಿನ ಬೋರ್ಡುಗಳ ವಿಷಯ. ಬೋರ್ಡಿನಲ್ಲಿ ಅಂಕಿ ದೊಡ್ಡದು, ಅದರ ಪಕ್ಕ "ವರೆಗೆ" ಎಂಬ ಪದ ಸಣ್ಣದು. ಒಂದು ಲಕ್ಷದವರೆಗೆ ಒಂದೇ ದರ, ಅದಕ್ಕಿಂತ ಮೇಲೆ ಬ್ಯಾಂಕಿಗೆ ಇಷ್ಟ ಬಂದ ಹಾಗೆ ಸ್ಲ್ಯಾಬು ಮಾಡಬಹುದು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಹಾಗಾಗಿ ದೊಡ್ಡ ದರ ಸಾಮಾನ್ಯವಾಗಿ ಕೆಲವು ಲಕ್ಷ ದಾಟಿದ ಮೇಲಿನ ಹಣಕ್ಕೆ ಮಾತ್ರ. ಐವತ್ತು ಸಾವಿರ ಇಡುವವನು ಎರಡೂವರೆಯಿಂದ ನಾಲ್ಕಕ್ಕೆ ಓಡಿದರೆ ವರ್ಷಕ್ಕೆ ಸಿಗುವುದು 750 ರೂಪಾಯಿ ಹೆಚ್ಚು. ಹೊಸ ಬ್ಯಾಂಕಿನಲ್ಲಿ ಮಿನಿಮಮ್ ಬ್ಯಾಲೆನ್ಸ್ ತಪ್ಪಿ ಎರಡು ಸಲ ದಂಡ ಬಿದ್ದರೆ ಅದರಲ್ಲಿ ಹೆಚ್ಚಿನದು ಅವರಿಗೇ ವಾಪಸ್.

ನಮ್ಮ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ಒಬ್ಬರು ರಾಯರಿದ್ದಾರೆ, ರಿಟೈರ್ಡ್. ಪಿ.ಎಫ್. ಬಂದದ್ದರಲ್ಲಿ ಎಂಟು ಲಕ್ಷ ಒಂದೇ ಎಸ್.ಬಿ. ಖಾತೆಯಲ್ಲಿ. ವರ್ಷಕ್ಕೆ 20 ಸಾವಿರ ಬಡ್ಡಿ. ಎಫ್.ಡಿ. ಯಾಕೆ ಮಾಡಿಲ್ಲ ಅಂತ ಕೇಳಿದೆ. "ಇವಳಿಗೆ ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟುತ್ತದೆ. ಆಸ್ಪತ್ರೆಯವರು ಡಿಪಾಸಿಟ್ ಕಟ್ಟಿ ಅನ್ನುತ್ತಾರೆ. ಆಗ ನಿಮ್ಮ ಬ್ಯಾಂಕು ತೆರೆದಿರುತ್ತದೋ?" ಅಂದರು. ಅವರ ಮಾತು ಸುಳ್ಳಲ್ಲ. ಮುಂಬಯಿಯಲ್ಲಿ ಅರ್ಧ ಜನ ಎಸ್.ಬಿ.ಯಲ್ಲಿ ಹಣ ಕೊಳೆಯಲು ಬಿಡುವುದು ಸೋಮಾರಿತನದಿಂದಲ್ಲ, ಈ ಹೆದರಿಕೆಯಿಂದ.

ಇದಕ್ಕೆ ಮದ್ದು ಆಟೋ ಸ್ವೀಪ್. ಬ್ಯಾಂಕಿನವನಾಗಿ ಇದನ್ನು ನಾನು ಗಟ್ಟಿಯಾಗಿ ಹೇಳಬಾರದು! ಎಸ್.ಬಿ. ಹಣ ಬ್ಯಾಂಕಿಗೆ ಅಗ್ಗದ ಹಣ, ಅದನ್ನು ಹೆಚ್ಚಿಸಿ ಅಂತಲೇ ನಮಗೆ ಟಾರ್ಗೆಟ್. ಹಾಗಾಗಿ ಸ್ವೀಪ್ ಮಾಡಿಸಿಕೊಳ್ಳಿ ಅಂತ ಕೌಂಟರಿನಲ್ಲಿ ಯಾರೂ ಕರೆದು ಹೇಳುವುದಿಲ್ಲ, ನೀವೇ ಕೇಳಬೇಕು. ಇಂತಿಷ್ಟಕ್ಕಿಂತ ಮೇಲಿನ ಹಣ ತಾನಾಗಿ ಎಫ್.ಡಿ. ಆಗುತ್ತದೆ. ಚೆಕ್ ಬಂದಾಗ, ಕಾರ್ಡು ಉಜ್ಜಿದಾಗ ಬೇಕಾದಷ್ಟು ಮಾತ್ರ ಮುರಿದು ಖಾತೆಗೆ ಬರುತ್ತದೆ, ರಾತ್ರಿ ಎರಡು ಗಂಟೆಯಾದರೂ ಸರಿ. ಮುರಿದ ಭಾಗಕ್ಕೆ ಬಡ್ಡಿ ಸ್ವಲ್ಪ ಕಡಿಮೆ, ಉಳಿದದ್ದಕ್ಕೆ ಪೂರ್ತಿ. ಯಾವುದನ್ನು ಮೊದಲು ಮುರಿಯುತ್ತಾರೆ, ಹೊಸದನ್ನೋ ಹಳೆಯದನ್ನೋ, ಕೇಳಿಕೊಳ್ಳಿ. ಹೊಸದನ್ನು ಮುರಿದರೆ ನಿಮಗೆ ನಷ್ಟ ಕಡಿಮೆ. ರಾಯರಿಗೆ ಕಾಗದದ ಮೇಲೆ ಬರೆದು ತೋರಿಸಿದೆ: ಒಂದು ಲಕ್ಷ ಎಸ್.ಬಿ.ಯಲ್ಲಿ, 2,500. ಏಳು ಲಕ್ಷಕ್ಕೆ ಆರು ಪರ್ಸೆಂಟು ಹಿಡಿದರೆ 42,000. ಒಟ್ಟು 44,500. ಎರಡೂವರೆ ಪರ್ಸೆಂಟು ಎರಡೂವರೆಯಾಗಿಯೇ ಇದೆ ನೋಡಿ!

ಆದಾಯ ತೆರಿಗೆಯ ಒಂದು ಮಾತು. ಹಳೆ ಪದ್ಧತಿಯಲ್ಲಿ ಎಸ್.ಬಿ. ಬಡ್ಡಿಗೆ ಹತ್ತು ಸಾವಿರದವರೆಗೆ ಸಿಗುವ ವಿನಾಯಿತಿ ಸ್ವೀಪ್ ಬಡ್ಡಿಗೆ ಇಲ್ಲ. ಅರವತ್ತು ದಾಟಿದವರಿಗೆ ಎರಡೂ ಸೇರಿ ಐವತ್ತು ಸಾವಿರದವರೆಗೆ ಉಂಟು. ಹೊಸ ಪದ್ಧತಿ ಆರಿಸಿಕೊಂಡವರಿಗೆ ಇದ್ಯಾವುದೂ ಇಲ್ಲ.

ಆದರೆ ಎಂಟು ಲಕ್ಷವೂ ಒಂದೇ ಬ್ಯಾಂಕಿನಲ್ಲಿ ಬೇಡ ಅಂತ ರಾಯರಿಗೆ ಹೇಳಿದೆ. ಈ ಊರಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಭಾಂಡುಪ್‌ನ ಪಿಎಂಸಿ ಬ್ಯಾಂಕಿನ ಮೇಲೆ ನಿರ್ಬಂಧ ಬಂದಾಗ ಖಾತೆದಾರರಿಗೆ ಮೊದಲು ಸಿಕ್ಕಿದ ಅನುಮತಿ ಒಂದು ಸಾವಿರ ರೂಪಾಯಿ ತೆಗೆಯಲು. ಆಮೇಲೆ ಹಂತ ಹಂತವಾಗಿ ಏರಿಸಿದರು. 2022ರ ಜನವರಿಯಲ್ಲಿ ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನಲ್ಲಿ ಸೇರಿಸಿದಾಗಲೂ ದೊಡ್ಡ ಮೊತ್ತದವರಿಗೆ ಹತ್ತು ವರ್ಷದವರೆಗಿನ ಕಂತು. 2025ರ ಫೆಬ್ರವರಿಯಲ್ಲಿ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕಿನ ಮುಂದೆ ಮತ್ತೆ ಅದೇ ಕ್ಯೂ. ಅದು ಆಗಸ್ಟ್‌ನಲ್ಲಿ ಸಾರಸ್ವತ್ ಬ್ಯಾಂಕಿಗೆ ಸೇರಿತು. ಹಾಗಂತ ಸಹಕಾರಿ ಬ್ಯಾಂಕೆಲ್ಲ ಕೆಟ್ಟದ್ದು ಅಂತಲ್ಲ. ಶಾಮರಾವ್ ವಿಠ್ಠಲ್ ಬ್ಯಾಂಕು 1906ರಿಂದ ಇದೆ, ಬಿಲ್ಲವರು ಕಟ್ಟಿದ ಭಾರತ್ ಬ್ಯಾಂಕು 1978ರಿಂದ. ನಮ್ಮ ಎಷ್ಟೋ ಜನರ ಮೊದಲ ಪಾಸ್‌ಬುಕ್ಕು ಇಂಥ ಕಡೆಯದೇ. ಆದರೆ ಡಿಪಾಸಿಟ್ ವಿಮೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ, ಅಷ್ಟೇ. 2020ರ ಫೆಬ್ರವರಿಗೆ ಮೊದಲು ಬರೀ ಒಂದು ಲಕ್ಷ ಇತ್ತು. ಅಸಲು, ಬಡ್ಡಿ, ಎಲ್ಲ ಬ್ರಾಂಚುಗಳ ಎಸ್.ಬಿ., ಎಫ್.ಡಿ. ಎಲ್ಲ ಸೇರಿ ಐದು. ಗಂಡ ಹೆಂಡತಿ ಜಂಟಿ ಖಾತೆ ಇದ್ದರೆ ಅದು ಬೇರೆ ಲೆಕ್ಕ.

ರಾಯರು ನಾಲ್ಕು ನಾಲ್ಕು ಲಕ್ಷ ಎರಡು ಬ್ಯಾಂಕಿಗೆ ಹಂಚಿದರು. ಎರಡರಲ್ಲೂ ಸ್ವೀಪ್ ಹಾಕಿಸಿ, ಡೆಬಿಟ್ ಕಾರ್ಡಿನ ದಿನದ ಮಿತಿಯನ್ನೂ ಹೆಚ್ಚಿಸಿಕೊಂಡು ಬಂದರು, ಆಸ್ಪತ್ರೆಯ ಯೋಚನೆ ಇನ್ನೂ ಪೂರ್ತಿ ಹೋಗಿಲ್ಲ. ಅವರ ಹೆಂಡತಿ ಮಾತ್ರ ಈ ಲೆಕ್ಕಕ್ಕೆಲ್ಲ ಬರಲಿಲ್ಲ. ಮನೆಖರ್ಚಿನಲ್ಲಿ ಉಳಿಸಿದ್ದನ್ನು ಅವರು ಪೋಸ್ಟಾಫೀಸಿನಲ್ಲೇ ಕಟ್ಟುತ್ತಾರೆ, ಪ್ರತಿ ತಿಂಗಳು ಎಂಟನೇ ತಾರೀಕಿಗೆ.