ನೋವಿನ ರಾತ್ರಿಪಾಳಿ

ಆಪರೇಷನ್ ಆದವರನ್ನು ನೋಡಲು ನಾವೆಲ್ಲ ಹೋಗುವುದು ಸಂಜೆ. ಗೋಡೆಯ ಮೇಲೆ ‘4ರಿಂದ 6’ ಎಂದು ಬರೆದ ಹೊತ್ತಿಗೆ ಸರಿಯಾಗಿ ಎಳನೀರು, ಮೂಸಂಬಿ, ಒಂದಿಷ್ಟು ಬಿಟ್ಟಿ ಸಲಹೆ ಹಿಡಿದುಕೊಂಡು ಹಾಜರಾಗುತ್ತೇವೆ. ಬೆಳಿಗ್ಗೆ ಕೈಮೂಳೆಗೆ ಪ್ಲೇಟು ಹಾಕಿಸಿಕೊಂಡವನು ದಿಂಬಿಗೆ ಒರಗಿ ಕೂತು, ಇನ್ನೊಂದು ಕೈಯಲ್ಲಿ ಮೊಬೈಲು ತಿಕ್ಕುತ್ತಿರುತ್ತಾನೆ. ‘ನೋವಾ? ಒಂಚೂರೂ ಇಲ್ಲ’ ಅನ್ನುತ್ತಾನೆ. ‘ಈಗೆಲ್ಲ ಆಪರೇಷನ್ ಅಂದ್ರೆ ಏನೇನೂ ಅಲ್ಲ ಬಿಡಿ’ ಎಂದು ನಾವು ತೀರ್ಪು ಕೊಟ್ಟು, ಕ್ಯಾಂಟೀನಿನಲ್ಲಿ ಕಾಫಿ ಕುಡಿದು ಮನೆಗೆ ಬರುತ್ತೇವೆ. ನೋವು ಗೋಡೆಯ ಬರಹ ಓದುವುದಿಲ್ಲ. ಅದು ಬರುವುದು ನೆಂಟರೆಲ್ಲ ಹೋದಮೇಲೆ, ದೀಪ ಆರಿಸಿದಮೇಲೆ.

ನಮ್ಮ ಭಾವ ಅಡಿಕೆ ತೋಟದ ಪಾಚಿಗಟ್ಟಿದ ಕಾಲುಸಂಕದ ಮೇಲೆ ಜಾರಿ ಮುಂಗೈ ಮುರಿದುಕೊಂಡರು. ಪೂರ್ತಿ ಪ್ರಜ್ಞೆ ತಪ್ಪಿಸುವ ಗೊಡವೆಗೆ ಹೋಗದೆ, ಅರಿವಳಿಕೆಯ ಡಾಕ್ಟರು ಕತ್ತಿನ ಬುಡದಲ್ಲಿ, ಕಾಲರ್ ಮೂಳೆಯ ಮೇಲೆ, ಸ್ಕ್ಯಾನಿಂಗ್ ಯಂತ್ರದ ಪರದೆ ನೋಡಿಕೊಂಡು ಒಂದು ಸೂಜಿ ಹಾಕಿದರು. ತೋಳಿಗೆ ಹೋಗುವ ನರಗಳೆಲ್ಲ ಅಲ್ಲಿ ಒಂದು ಗೊಂಚಲಾಗಿ ಹಾದುಹೋಗುತ್ತವೆ. ಅದರ ಸುತ್ತ ಬ್ಯೂಪಿವಕೇನ್ ಎಂಬ ಔಷಧ ಹರಡಿದರೆ ಕೈ ಮರಗಟ್ಟುತ್ತದೆ. ಆಸ್ಪತ್ರೆಯ ಭಾಷೆಯಲ್ಲಿ ಇದಕ್ಕೆ ‘ಬ್ಲಾಕ್’. ಸಂಜೆ ನಾನು ಹೋದಾಗ ಭಾವ ಜೋಳಿಗೆಪಟ್ಟಿಯಲ್ಲಿ ತೂಗುಬಿಟ್ಟಿದ್ದ ಕೈಯನ್ನು ಅನುಮಾನದಿಂದ ನೋಡುತ್ತ, ‘ಇದು ನಂದೇ ಹೌದೇನಯ್ಯಾ? ಪಕ್ಕದ ಮಂಚದವರದ್ದೇನಾದರೂ ಇಲ್ಲಿ ಬಿಟ್ಟುಹೋಗಿದ್ದಾರಾ ವಿಚಾರಿಸು’ ಅಂದರು. ಮರಗಟ್ಟಿದ ಕೈಯ ಜವಾಬ್ದಾರಿ ಯಜಮಾನನದ್ದೇ. ಬಿಸಿನೀರಿನ ಚೀಲ ಸುಟ್ಟರೂ ಅದು ದೂರು ಹೇಳುವುದಿಲ್ಲ.

ಆಪರೇಷನ್ ಮಾಡಿದ ಸರ್ಜನ್ನರ ಹೆಸರು ಮನೆಮಂದಿಗೆಲ್ಲ ಬಾಯಿಪಾಠ. ಮೈಸೂರುಪಾಕಿನ ಡಬ್ಬಿ, ತೋಟದ ಬಾಳೆಗೊನೆ, ಮಗಳ ಮದುವೆಯ ಕರೆಯೋಲೆ ಎಲ್ಲ ಅವರಿಗೇ. ಅರಿವಳಿಕೆ ಕೊಟ್ಟವರು ಮಾತ್ರ ‘ಮತ್ತು ಕೊಡೋ ಡಾಕ್ಟ್ರು’. ಮುಖಗವಸಿನ ಮೇಲೆ ಎರಡು ಕಣ್ಣು ಕಂಡದ್ದಷ್ಟೇ ನೆನಪು. ಅವರು ಕೆಲಸ ಚೆನ್ನಾಗಿ ಮಾಡಿದಷ್ಟೂ ನಮಗೆ ಅವರ ನೆನಪು ಕಡಿಮೆ. ಇಂಥ ಉದ್ಯೋಗ ಇನ್ನೊಂದಿರಲಾರದು.

ಈ ವಿದ್ಯೆಯ ಚರಿತ್ರೆಯೇ ಸ್ವಲ್ಪ ಹಾಗಿದೆ. 1884ರಲ್ಲಿ ವಿಯೆನ್ನಾದಲ್ಲಿ ಸಿಗ್ಮಂಡ್ ಫ್ರಾಯ್ಡ್ ಕೊಕೇನಿನ ಗುಣಗಾನ ಮಾಡುತ್ತ ಓಡಾಡುತ್ತಿದ್ದರು. ನಿಶ್ಚಿತಾರ್ಥವಾದ ಹುಡುಗಿಯನ್ನು ನೋಡಲು ಊರು ಬಿಟ್ಟು ಹೋದ ಹೊತ್ತಿನಲ್ಲಿ ಅವರ ಗೆಳೆಯ ಕಾರ್ಲ್ ಕೊಲ್ಲರ್ ಅದನ್ನು ಕಪ್ಪೆಯ ಕಣ್ಣಿಗೆ, ಆಮೇಲೆ ತನ್ನ ಕಣ್ಣಿಗೇ ಬಿಟ್ಟುಕೊಂಡು, ಗುಂಡುಸೂಜಿಯ ತಲೆಯಿಂದ ಮುಟ್ಟಿ ನೋಡಿದರು. ನೋವಿಲ್ಲ! ಹೈಡಲ್‌ಬರ್ಗಿನ ಕಣ್ಣಿನ ವೈದ್ಯರ ಸಮ್ಮೇಳನಕ್ಕೆ ಹೋಗಲು ಕೊಲ್ಲರ್ ಕೈಯಲ್ಲಿ ಕಾಸಿರಲಿಲ್ಲ. ಅವರ ಪ್ರಬಂಧವನ್ನು ಬೇರೊಬ್ಬರು ಓದಿದರು. ಅದೇ ಸುಮಾರಿಗೆ ನ್ಯೂಯಾರ್ಕಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಮಹಾ ಸರ್ಜನ್ ನರಗಳ ಬಳಿ ಕೊಕೇನ್ ಚುಚ್ಚುವುದನ್ನು ತನ್ನ ಮೇಲೂ ಸಹೋದ್ಯೋಗಿಗಳ ಮೇಲೂ ಪ್ರಯೋಗಿಸಿ, ಚಟಕ್ಕೆ ಬಿದ್ದು ಒದ್ದಾಡಿದರು. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ತನ್ನ ಸಹಾಯಕನ ಬೆನ್ನಿಗೆ ಕೊಕೇನ್ ಚುಚ್ಚಿ, ಮೊಣಕಾಲ ಕೆಳಗಿನ ಮೂಳೆಗೆ ಸುತ್ತಿಗೆಯಿಂದ ಬಡಿದರು, ಚುಟ್ಟಾದಿಂದ ಸುಟ್ಟು ನೋಡಿದರು. ಪಾಪದ ಪ್ರಾಣಿ ನಗುತ್ತ ಕೂತಿತ್ತು. ಆ ರಾತ್ರಿ ಇಬ್ಬರೂ ಕೂಡಿ ವೈನ್ ಕುಡಿದು ಸಂಭ್ರಮಿಸಿದರು. ಆಮೇಲೆ ಇಬ್ಬರಿಗೂ ತಲೆನೋವು ಹಿಡಿಯಿತು. ಸಹಾಯಕನ ಕಾಲು ಏನೇನು ಹೇಳಿತೋ ಗೊತ್ತಿಲ್ಲ.

ಔಷಧದ ಕೆಲಸ ಬೇಗ ಮುಗಿಯುತ್ತದೆ ಎಂಬ ತಕರಾರು ಅಂದಿನಿಂದಲೂ ಇದೆ. 1903ರಲ್ಲಿ ಹೈನ್ರಿಕ್ ಬ್ರೌನ್ ಎಂಬ ಜರ್ಮನ್ ವೈದ್ಯರು ಅದರ ಜೊತೆ ಒಂದಿಷ್ಟು ಅಡ್ರಿನಲಿನ್ ಬೆರೆಸಿದರು. ರಕ್ತನಾಳ ಬಿಗಿದುಕೊಂಡು ಔಷಧವನ್ನು ಬೇಗ ಸಾಗಹಾಕುವುದಿಲ್ಲ, ಮರಗಟ್ಟುವಿಕೆ ಹೆಚ್ಚು ಹೊತ್ತು ನಿಲ್ಲುತ್ತದೆ. ಬ್ಲಾಕಿನ ಔಷಧಕ್ಕೆ ಜೊತೆಗಾರನನ್ನು ಹುಡುಕುವ ಗೀಳು ಹೀಗೆ ನೂರು ವರ್ಷ ದಾಟಿದ್ದು. ಈಚಿನ ಹುಡುಕಾಟ ಹೋಗಿ ನಿಂತದ್ದು ನಿದ್ದೆಯ ಔಷಧಗಳ ಬಾಗಿಲಲ್ಲಿ.

ಆ ಮನೆತನದ ಕಥೆ ಇನ್ನೂ ಸ್ವಾರಸ್ಯ. 1960ರ ದಶಕದ ಆರಂಭದಲ್ಲಿ ಜರ್ಮನಿಯ ಔಷಧ ಕಂಪನಿಯೊಂದು ಕಟ್ಟಿದ ಮೂಗಿಗೆಂದು ಕ್ಲೊನಿಡಿನ್ ತಯಾರಿಸಿತು. ಅಲ್ಲಿನ ವೈದ್ಯರೊಬ್ಬರ ಕಾರ್ಯದರ್ಶಿಗೆ ನೆಗಡಿಯಾಗಿತ್ತು. ಮೂಗಿಗೆ ಕೆಲವು ಹನಿ ಬಿಟ್ಟುಕೊಂಡ ಆ ಹೆಂಗಸು ಒಂದು ದಿನವಿಡೀ ಮಲಗಿಬಿಟ್ಟರು, ರಕ್ತದೊತ್ತಡವೂ ಇಳಿದುಹೋಯಿತು. ನೆಗಡಿಯ ಔಷಧ ಹೀಗೆ ಬಿಪಿಯ ಔಷಧವಾಯಿತು. ಅದರ ದಾಯಾದಿ ಜೈಲಜಿನ್ ಬಿಪಿಗೆಂದು ಹುಟ್ಟಿ ಕೊಟ್ಟಿಗೆಗೆ ಹೋಯಿತು. ಕುದುರೆಗೆ ಬೇಕಾದದ್ದರ ಹತ್ತನೇ ಒಂದು ಪಾಲಿಗೇ ದನ ಮಲಗುತ್ತದೆ. ಕೊಡಗು, ಹಾಸನದ ಕಾಫಿ ತೋಟಗಳಲ್ಲಿ ಪುಂಡಾನೆ ಹಿಡಿಯುವಾಗ ಅರಣ್ಯ ಇಲಾಖೆಯ ಪಶುವೈದ್ಯರು ಹಾರಿಸುವ ಡಾರ್ಟಿನಲ್ಲಿ ಇರುವುದೂ ಹೆಚ್ಚಾಗಿ ಜೈಲಜಿನ್ ಮತ್ತು ಕೆಟಮಿನ್. ನಿಂತಲ್ಲೇ ತೂಕಡಿಸುವ ಆನೆಯನ್ನು ಪಳಗಿದ ಆನೆಗಳು ಇಕ್ಕೆಲದಲ್ಲಿ ಒತ್ತರಿಸಿ ಕರೆದೊಯ್ಯುತ್ತವೆ. ಇದೇ ವಂಶದಲ್ಲಿ ಫಿನ್‌ಲೆಂಡಿನಿಂದ ಬಂದದ್ದು ಪಶುವೈದ್ಯರ ಮೆಡಿಟೊಮಿಡಿನ್. ಅದರಲ್ಲಿ ಒಂದಕ್ಕೊಂದು ಕನ್ನಡಿಬಿಂಬವಾದ ಎರಡು ರೂಪಗಳಿದ್ದು, ಕೆಲಸ ಮಾಡುವ ರೂಪವನ್ನಷ್ಟೇ ಬೇರ್ಪಡಿಸಿದರೆ ಡೆಕ್ಸ್‌ಮೆಡಿಟೊಮಿಡಿನ್. ಐಸಿಯುನಲ್ಲಿರುವ ರೋಗಿಗಳನ್ನು ಮಂಪರಿನಲ್ಲಿಡಲು ಅಮೆರಿಕ ಅದಕ್ಕೆ 1999ರಲ್ಲಿ ಅನುಮತಿ ಕೊಟ್ಟಿತು. ಇದರ ನಿದ್ದೆ ಸಭ್ಯ ನಿದ್ದೆ: ಕರೆದರೆ ಕಣ್ಣು ಬಿಟ್ಟು ಉತ್ತರ ಕೊಡುತ್ತಾರೆ, ಬಿಟ್ಟರೆ ಮತ್ತೆ ಮಲಗುತ್ತಾರೆ; ಉಸಿರಾಟಕ್ಕೆ ಹೆಚ್ಚು ತೊಂದರೆಯಿಲ್ಲ. ಸಭೆಗಳಲ್ಲಿ ಅಧ್ಯಕ್ಷರು ಮಾಡುವ ನಿದ್ದೆ ಇದೇ ಜಾತಿಯದು, ಔಷಧದ ಖರ್ಚೂ ಇಲ್ಲ.

ಮಿದುಳನ್ನು ಮಲಗಿಸುವ ಔಷಧಕ್ಕೆ ಕತ್ತಿನ ಬುಡದ ನರದ ಹತ್ತಿರ ಏನು ಕೆಲಸ? ನರದಲ್ಲಿ ಒಂದು ಸಂದೇಶ ಹಾದುಹೋದಮೇಲೆ ಅದರ ವಿದ್ಯುತ್ ಮಟ್ಟ ಮಾಮೂಲಿಗಿಂತ ಸ್ವಲ್ಪ ಕೆಳಗೆ ಜಗ್ಗುತ್ತದೆ. ಅದನ್ನು ಮೇಲೆತ್ತಿ ಮುಂದಿನ ಸಂದೇಶಕ್ಕೆ ಸಜ್ಜು ಮಾಡುವ ಒಂದು ಹರಿವು ಇದೆ. ಡೆಕ್ಸ್‌ಮೆಡಿಟೊಮಿಡಿನ್ ಆ ಹರಿವಿಗೇ ಅಡ್ಡ ನಿಲ್ಲುತ್ತದೆ. ಏತದ ಹಿಂದಿನ ಭಾರದ ಕಲ್ಲು ಬಿಚ್ಚಿದರೆ ಬಾವಿಗಿಳಿದ ಬಾನಿ ತಾನಾಗಿ ಮೇಲೆ ಬಾರದು. ನರವೂ ಹಾಗೆ ಕೆಳಗೇ ಉಳಿಯುತ್ತದೆ. ನೋವನ್ನು ಹೊತ್ತೊಯ್ಯುವ ಸಣ್ಣ ಎಳೆಗಳ ಮೇಲೆ ಈ ಪ್ರಭಾವ ಹೆಚ್ಚು.

‘ರಕ್ತಕ್ಕೆ ಸೇರಿ ಮಿದುಳಿಗೆ ಹೋಗಿ ಮಾಡುವ ಕೆಲಸ ಇರಬಹುದು, ನರದ್ದೇ ಅಂತ ಹೇಗೆ ಹೇಳ್ತೀರಿ?’ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದಕ್ಕೂ ಉತ್ತರ ಬಂದದ್ದು ಕೊಲ್ಲರ್ ಊರಾದ ವಿಯೆನ್ನಾದಿಂದಲೇ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ವಯಂಸೇವಕರ ಮೊಣಕೈ ಹತ್ತಿರ ಹಾದುಹೋಗುವ ಅಲ್ನರ್ ನರಕ್ಕೆ ಬ್ಲಾಕ್ ಕೊಟ್ಟರು. 20 ಮೈಕ್ರೋಗ್ರಾಂ ಡೆಕ್ಸ್‌ಮೆಡಿಟೊಮಿಡಿನನ್ನು ನರದ ಬಳಿಯೇ ಬೆರೆಸಿದಾಗ ಬ್ಲಾಕ್ ಸುಮಾರು ಶೇ 60ರಷ್ಟು ಹೆಚ್ಚು ಹೊತ್ತು ನಿಂತಿತು. ಅಷ್ಟನ್ನೇ ರಕ್ತನಾಳಕ್ಕೆ ಕೊಟ್ಟಾಗ ಶೇ 10ರಷ್ಟು ಮಾತ್ರ. ನಮ್ಮ ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಅರಿವಳಿಕೆಯ ಎಂ.ಡಿ. ಓದುವವರಿಗೆ ಪ್ರಬಂಧ ಬರೆಯಲು ಇದು ಅಚ್ಚುಮೆಚ್ಚಿನ ವಿಷಯ. ಒಂದು ಗುಂಪಿಗೆ ಬರೀ ಬ್ಯೂಪಿವಕೇನ್, ಇನ್ನೊಂದಕ್ಕೆ ಜೊತೆಗಾರ ಸೇರಿಸಿದ್ದು. ಆಮೇಲೆ ಆ ಎಳೆಯ ಡಾಕ್ಟರು ಗಳಿಗೆಗೊಮ್ಮೆ ಬಂದು ‘ನೋವು ಹತ್ತರಲ್ಲಿ ಎಷ್ಟು?’ ಎಂದು ಕೇಳಬೇಕು. ನಮ್ಮ ಕಡೆಯ ಹಿರಿಯರಿಗೆ ಹತ್ತರ ಲೆಕ್ಕ ಹಿಡಿಸುವುದಿಲ್ಲ. ಭಾವನ ಎದುರು ಮಂಚದ ಅಜ್ಜ ಗಂಭೀರವಾಗಿ, ‘ನಿನ್ನೆ ಹನ್ನೆರಡಾಣೆ ಇತ್ತಪ್ಪಾ, ಇವತ್ತು ಆರಾಣೆ’ ಅಂದ. ಹುಡುಗ ಡಾಕ್ಟರು ಆಣೆಯನ್ನು ದಶಾಂಶಕ್ಕೆ ತಿರುಗಿಸುತ್ತ ಪೆನ್ನು ಕಚ್ಚಿಕೊಂಡು ನಿಂತ.

ಎಲ್ಲ ಜೊತೆಗಾರರೂ ಸಜ್ಜನರಲ್ಲ. ಡೆಕ್ಸ್‌ಮೆಡಿಟೊಮಿಡಿನ್ ನಾಡಿ ಬಡಿತವನ್ನು ನಿಧಾನಿಸುತ್ತದೆ, ರಕ್ತದೊತ್ತಡ ಇಳಿಸುತ್ತದೆ, ರೋಗಿ ಮಂಪರಿನಲ್ಲಿರುತ್ತಾನೆ. ತೋಳಿನ ಬ್ಲಾಕಿಗೆ 50–60 ಮೈಕ್ರೋಗ್ರಾಂ ಸಾಕು, ಅದಕ್ಕಿಂತ ಮೇಲೆ ಹೋದರೆ ಲಾಭಕ್ಕಿಂತ ತಾಪತ್ರಯ ಜಾಸ್ತಿ ಎಂಬುದು ಹಲವು ಅಧ್ಯಯನಗಳನ್ನು ಒಟ್ಟು ಹಾಕಿದವರ ಲೆಕ್ಕ. ಮಿಡಜೊಲಾಮ್, ಕೆಟಮಿನ್ ಕೂಡ ಮಂಪರಿಗೆ ಹೆಸರಾದವೇ. ಆದರೆ ಪ್ರಯೋಗಶಾಲೆಯಲ್ಲಿ ಅವು ನರದ ಕೋಶಗಳಿಗೆ ಹಾನಿ ಮಾಡಿದ್ದು ಕಂಡಿದ್ದರಿಂದ ನರದ ಬಳಿಗೆ ಅವನ್ನು ಕರೆಯದಿರುವುದೇ ಕ್ಷೇಮ ಅನ್ನುತ್ತಾರೆ ಬಲ್ಲವರು. ಡೆಕ್ಸ್‌ಮೆಡಿಟೊಮಿಡಿನಿಗೂ ನರದ ಬಳಿ ಹಾಕಲು ಅಮೆರಿಕದ ಅನುಮತಿ ಇಲ್ಲ. ಹಾಗೆ ಹಾಕುವುದು ವೈದ್ಯರು ತಮ್ಮ ವಿವೇಚನೆಯಿಂದ ಮಾಡುವ ಕೆಲಸ.

ಇಷ್ಟೆಲ್ಲ ಆದಮೇಲೂ ನನಗೆ ಒಂದು ಲೆಕ್ಕ ಕಾಡುತ್ತದೆ. ಬೆಳಿಗ್ಗೆ ಹತ್ತಕ್ಕೆ ಕೊಟ್ಟ ಬರೀ ಬ್ಯೂಪಿವಕೇನಿನ ಬ್ಲಾಕ್ ಸಂಜೆ ಏಳೆಂಟಕ್ಕೆ ಬಿಡುತ್ತದೆ ಅನ್ನಿ. ಆಗ ನರ್ಸ್ ಓಡಾಡುತ್ತಿರುತ್ತಾರೆ, ಮಗ ಆಫೀಸಿನಿಂದ ಬಂದಿರುತ್ತಾನೆ, ಔಷಧದ ಅಂಗಡಿ ತೆರೆದಿರುತ್ತದೆ. ಜೊತೆಗಾರ ಸೇರಿ ನಾಲ್ಕೈದು ಗಂಟೆ ಹೆಚ್ಚಾದರೆ ಬ್ಲಾಕ್ ಬಿಡುವುದು ನಡುರಾತ್ರಿ ಹನ್ನೆರಡು, ಒಂದಕ್ಕೆ. ಪ್ರಬಂಧದ ಕೋಷ್ಟಕದಲ್ಲಿ ಅದು ಗೆಲುವು. ಮಂಚದ ಮೇಲಿದ್ದವನಿಗೆ? ಹಗಲೆಲ್ಲ ಸುದ್ದಿಯೇ ಇಲ್ಲದ ಮುರಿದ ಮೂಳೆ ಒಮ್ಮೆಗೇ ತನ್ನ ಅಹವಾಲನ್ನೆಲ್ಲ ಬಿಚ್ಚುತ್ತದೆ. ಅದೇ ಬ್ಲಾಕ್ ಮಧ್ಯಾಹ್ನ ಮೂರಕ್ಕೆ ಕೊಟ್ಟದ್ದಾದರೆ ಹೆಚ್ಚುವರಿ ಗಂಟೆಗಳು ಅವನನ್ನು ಬೆಳಗಿನ ಕಾಫಿಯ ಹೊತ್ತಿನ ಹತ್ತಿರಕ್ಕೆ ದಾಟಿಸುತ್ತವೆ. ಎಷ್ಟು ಗಂಟೆ ಸಿಕ್ಕಿತು ಎಂಬುದರಷ್ಟೇ, ಅದು ಯಾವ ಗಂಟೆಗೆ ಮುಗಿಯಿತು ಎಂಬುದೂ ಮುಖ್ಯ.

ಭಾವನ ಬ್ಲಾಕಿಗೂ ಈ ಜೊತೆಗಾರನನ್ನು ಸೇರಿಸಿದ್ದ ಅರಿವಳಿಕೆ ಡಾಕ್ಟರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಹೊರಡುವ ಮುಂಚೆ ಅಕ್ಕನನ್ನು ಕರೆದು, ‘ಹನ್ನೆರಡರ ಮೇಲೆ ಬಿಡುತ್ತೆ. ಬೆರಳು ಜುಮ್ಮೆನ್ನೋಕೆ ಶುರುವಾಗೋ ಮುಂಚೆ, ಹತ್ತಕ್ಕೇ ಮಾತ್ರೆ ಕೊಟ್ಟುಬಿಡಿ. ನೋವು ಬಂದಮೇಲೆ ಅದರ ಹಿಂದೆ ಓಡಬಾರದು’ ಎಂದರು. ಅಕ್ಕ ಮೊಬೈಲಿನಲ್ಲಿ ಅಲಾರಂ ಇಟ್ಟಳು. ಹತ್ತಕ್ಕೆ ಭಾವ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿದ್ದಕ್ಕೆ ಸಿಡಿಮಿಡಿಗೊಂಡು, ‘ನೋವೇ ಇಲ್ಲ, ಯಾಕೆ ಮಾತ್ರೆ?’ ಅಂದರು.

‘ರೀ, ನೋವು ಬಂದಾಗ ನೀವು ಯಾರ ಮಾತೂ ಕೇಳಲ್ಲ. ಈಗಲೇ ನುಂಗಿ’ ಅಂದಳು ಅಕ್ಕ.

ಜೊತೆಗಾರರಲ್ಲಿ ಆ ರಾತ್ರಿ ಹೆಚ್ಚು ಕೆಲಸ ಮಾಡಿದವರು ಯಾರು ಎಂದು ಭಾವನನ್ನು ಕೇಳಿದರೆ ಡೆಕ್ಸ್‌ಮೆಡಿಟೊಮಿಡಿನ್ ಹೆಸರು ಅವರ ಬಾಯಿಗೆ ಬರುವುದಿಲ್ಲ. ಅಕ್ಕನ ಎದುರು ಕೇಳಿದರಂತೂ ಬರುವುದೇ ಇಲ್ಲ.