ಯುದ್ಧ ಬೇಡವೆಂದವರ ಮಾತು

ಕೆಂಗೇರಿ ಉಪನಗರದಲ್ಲಿ ನಾವು ವಾಸಿಸುವ ಬೀದಿಯ ಕೊನೆಗೆ ಒಂದು ಸಣ್ಣ ಉದ್ಯಾನವುಂಟು. ಅದರಲ್ಲಿ ಹೊಂಗೆಯ ಮರವೊಂದರ ಕೆಳಗೆ ಎರಡು ಕಲ್ಲುಬೆಂಚುಗಳಿವೆ. ಮೂವತ್ತಕ್ಕೂ ಮೇಲ್ಪಟ್ಟು ವರ್ಷ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ಈಗ ವಿಶ್ರಾಂತರಾಗಿರುವ ನಾವು, ಪ್ರಾತಃಕಾಲದಲ್ಲಿ ನಾಲ್ಕು ಸುತ್ತು ನಡೆದು, ಆ ಬೆಂಚಿನ ಮೇಲೆ ಕುಳಿತು, ಸಮವಯಸ್ಕರೊಡನೆ ಲೋಕಾಭಿರಾಮವಾಗಿ ಮಾತನಾಡಿ ಮನೆಗೆ ಮರಳುವುದು ವಾಡಿಕೆ. ಪಿಂಚಣಿ, ಮಂಡಿನೋವು, ಮೆಟ್ರೋ ರೈಲು, ವೃಷಭಾವತಿಯ ದುರ್ವಾಸನೆ, ಇವೇ ನಮ್ಮ ಸಭೆಯ ನಿತ್ಯವಿಷಯಗಳು. ಆದರೆ 2025ನೆಯ ಇಸವಿಯ ಮೇ ತಿಂಗಳ ಮೊದಲ ದಿನಗಳಲ್ಲಿ ಅಲ್ಲಿ ಬೇರೊಂದು ಮಾತೇ ನಡೆಯುತ್ತಿದ್ದಿತು.

ವಾಚಕರು ಆ ದಿನಗಳನ್ನು ಮರೆತಿರಲಾರರು. ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಭಯೋತ್ಪಾದಕರು 26 ಮಂದಿ ನಿರಪರಾಧಿಗಳನ್ನು ಕೊಂದರು. ನಮ್ಮ ಶಿವಮೊಗ್ಗೆಯವರೂ ಬೆಂಗಳೂರಿನವರೂ ಅವರಲ್ಲಿದ್ದರು. ಮೇ 7ರಂದು ನಮ್ಮ ಸೈನ್ಯವು ಗಡಿಯಾಚೆಯ ಭಯೋತ್ಪಾದಕರ ನೆಲೆಗಳ ಮೇಲೆ ದಾಳಿ ಮಾಡಿತು. ಅಲ್ಲಿಂದ ನಾಲ್ಕು ದಿನ ಉಭಯ ಕಡೆಗಳಿಂದಲೂ ಅಸ್ತ್ರಗಳು ಹಾರಾಡಿದವು. ಪೂಂಛ್ ಪಟ್ಟಣದಲ್ಲಿ ಶೆಲ್ಲುಗಳು ಬಿದ್ದು ಮಕ್ಕಳೂ ಸತ್ತರು. ಮೇ 10ರಂದು ಕಾಳಗ ನಿಂತಿತು.

ಆ ನಾಲ್ಕು ದಿನಗಳಲ್ಲಿ ನಮ್ಮ ಬೆಂಚಿನ ಮೇಲೆ ಎಷ್ಟು ನಗರಗಳು ಬೂದಿಯಾದವೆಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ರಕ್ತದೊತ್ತಡದ ಗುಳಿಗೆಯನ್ನು ಮರೆಯದೆ ನುಂಗುವ ವೃದ್ಧರು ನಾವು, ಇನ್ನೊಬ್ಬರ ಮಕ್ಕಳನ್ನು ರಣರಂಗಕ್ಕೆ ಕಳುಹಿಸುವುದರಲ್ಲಿ ಬಹು ಉದಾರಿಗಳಾಗಿದ್ದೆವು. "ಒಂದೇ ಸಲಕ್ಕೆ ಮುಗಿಸಿಬಿಡಬೇಕು" ಎಂದು ಒಬ್ಬರು ಹೇಳಿದರೆ, "ಅಹುದು" ಎಂದು ಉಳಿದವರೆಲ್ಲ ತಲೆದೂಗುವರು. ತಲೆದೂಗಿದವರಲ್ಲಿ ನಾವೂ ಒಬ್ಬರು.

ಹೀಗಿರಲು, ಮೇ 8ರ ಸಂಜೆ ನಮ್ಮ ತಮ್ಮನ ಮಗಳು ಕಾಲೇಜಿನಿಂದ ನೇರವಾಗಿ ನಮ್ಮ ಮನೆಗೆ ಬಂದಳು. ಅವಳ ಚೀಲದಲ್ಲಿ ಸುರುಳಿ ಸುತ್ತಿದ ದಪ್ಪ ಕಾಗದವಿದ್ದಿತು. ಬಿಡಿಸಿ ತೋರಿಸಿದಳು. "ಕೊಂದವರಿಗೆ ಶಿಕ್ಷೆಯಾಗಲಿ, ಯುದ್ಧ ಬೇಡ" ಎಂದು ದುಂಡಾದ ಅಕ್ಷರಗಳಲ್ಲಿ ಬರೆದಿದ್ದಳು. ಅವಳೂ ನಾಲ್ಕಾರು ಮಂದಿ ಗೆಳತಿಯರೂ ಅನುಮತಿ ಪಡೆದು ಫ್ರೀಡಂ ಪಾರ್ಕಿನಲ್ಲಿ ಒಂದು ಗಂಟೆ ಮೌನವಾಗಿ ನಿಲ್ಲಬೇಕೆಂದು ಮಾತನಾಡಿಕೊಂಡಿದ್ದರಂತೆ. ರಾತ್ರಿ ನಮ್ಮಲ್ಲಿ ತಂಗಿದ್ದು, ಮರುದಿನ ಕೆಂಗೇರಿಯಿಂದ ಮೆಟ್ರೋ ಹಿಡಿದು ಹೋಗುವುದು ಅವಳ ಯೋಚನೆ.

ನಾವು "ಬೇಡ" ಎಂದೆವು. ಕಾರಣ ಕೇಳಿದಳು. ಇದು ಸಮಯವಲ್ಲವೆಂದೆವು, ಜನ ತಪ್ಪಾಗಿ ತಿಳಿಯುವರೆಂದೆವು, ನಾಲ್ಕು ಹುಡುಗಿಯರು ಕಾಗದ ಹಿಡಿದು ನಿಂತರೆ ಫಿರಂಗಿ ನಿಲ್ಲುವುದೇ ಎಂದು ಹಾಸ್ಯವನ್ನೂ ಮಾಡಿದೆವು. ಕಡೆಗೆ, ದೇಶಭಕ್ತಿ ಎಂಬುದೊಂದಿಲ್ಲವೇ ಎಂದು ಗದರಿದೆವು. ಅವಳು ಮರುಮಾತನಾಡದೆ ಕಾಗದವನ್ನು ಸುತ್ತಿದಳು. ನಮ್ಮ ಮನೆಯವರು ಬಡಿಸಿದ ಊಟವನ್ನು ಅರ್ಧಕ್ಕೆ ಬಿಟ್ಟು ಮಲಗಿದಳು. ಮರುದಿನ ಫ್ರೀಡಂ ಪಾರ್ಕಿಗೆ ಹೋಗಲಿಲ್ಲ.

ಎರಡು ದಿನಗಳಲ್ಲಿ ಕದನವಿರಾಮವಾಯಿತು. ನಾವು ದೂರವಾಣಿಯಲ್ಲಿ ಅವಳಿಗೆ, "ನೋಡಿದೆಯಾ, ನಿನ್ನ ಕಾಗದವಿಲ್ಲದೆಯೇ ನಿಂತಿತು" ಎಂದೆವು. ಅವಳು ಶಾಂತವಾಗಿ, "ನಿಲ್ಲಿಸಿದವರು ಯಾರೋ ದೊಡ್ಡವರು, ದೊಡ್ಡಪ್ಪ. ಆದರೆ ನಿಲ್ಲಲೆಂದು ಬಯಸಿದವರು ಎಷ್ಟು ಮಂದಿ ಇದ್ದರೆಂಬುದು ಯಾರಿಗೂ ತಿಳಿಯಲಿಲ್ಲವಲ್ಲ" ಎಂದಳು. ಈ ಮಾತು ನಮ್ಮನ್ನು ಬಹು ದಿನ ಬಿಡಲಿಲ್ಲ. ಈ ಲೇಖನಕ್ಕೆ ಅದೇ ಮೂಲ.

ಯುದ್ಧವನ್ನು ವಿರೋಧಿಸಿದವರಿಂದ ಲೋಕದಲ್ಲಿ ಏನಾದರೂ ಆದದ್ದುಂಟೆ? ಪಕ್ಷಪಾತವಿಲ್ಲದೆ ನೋಡಿದರೆ, ಬಹುಪಾಲು ಯುದ್ಧಗಳು ಅವರ ಮಾತಿನಿಂದ ನಿಂತಿಲ್ಲವೆಂದೇ ಒಪ್ಪಬೇಕು. 1940ನೆಯ ಅಕ್ಟೋಬರ್ 17ರಂದು ವಿನೋಬಾ ಭಾವೆಯವರು ಪವನಾರಿನಲ್ಲಿ ವೈಯಕ್ತಿಕ ಸತ್ಯಾಗ್ರಹವನ್ನು ಆರಂಭಿಸಿದರು. ಬ್ರಿಟಿಷರ ಯುದ್ಧಕ್ಕೆ ಜನವನ್ನಾಗಲಿ ಧನವನ್ನಾಗಲಿ ಕೊಡಬಾರದೆಂದು ಬಹಿರಂಗವಾಗಿ ಹೇಳುವುದು, ಹೇಳಿ ಸೆರೆಮನೆಗೆ ಹೋಗುವುದು, ಇಷ್ಟೇ ಅದರ ವಿಧಿ. ತಾನು ಎಲ್ಲಿ, ಎಂದು ಮಾತನಾಡುವೆನೆಂಬುದನ್ನು ಸತ್ಯಾಗ್ರಹಿಯು ಅಧಿಕಾರಿಗಳಿಗೆ ಮುಂಚಿತವಾಗಿ ತಿಳಿಸತಕ್ಕದ್ದಾಗಿದ್ದಿತು. ವಿನೋಬಾರವರ ಅನಂತರ ಎರಡನೆಯ ಸರದಿಗೆ ಗೊತ್ತಾಗಿದ್ದ ನೆಹರೂರವರನ್ನು ಮೊದಲೇ ಹಿಡಿದು ನಾಲ್ಕು ವರ್ಷದ ಸಜೆ ವಿಧಿಸಿದರು. ಸಹಸ್ರಾರು ಮಂದಿ ಸೆರೆಮನೆ ಸೇರಿದರು. ಯುದ್ಧವೇನೋ ನಿಲ್ಲಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ಅದೇ ಯುದ್ಧದ ಅವಶ್ಯಕತೆಯಿಂದ, ಮೈಸೂರು ಸರ್ಕಾರದ ಬಂಡವಾಳವೂ ಕೂಡಿ ನಮ್ಮ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಸ್ಥಾಪನೆಯಾಯಿತು. ಇಂದಿಗೂ ಈ ನಗರದ ಎಷ್ಟೋ ಮನೆಗಳ ಅನ್ನ ಅಲ್ಲಿಂದ ಬರುತ್ತಿದೆ. ಇದನ್ನು ಮರೆತು ಶಾಂತಿಯನ್ನು ಬೋಧಿಸುವುದು ಪ್ರಾಮಾಣಿಕತೆಯಾಗದು.

ಶಾಂತಿಯ ಮಾತು ಎಲ್ಲ ಕಾಲದಲ್ಲಿಯೂ ವಿವೇಕದ ಮಾತಾಗಿರಲಿಲ್ಲವೆಂಬುದೂ ದಿಟ. 1933ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ರಾಜನಿಗಾಗಲಿ ದೇಶಕ್ಕಾಗಲಿ ಯುದ್ಧ ಮಾಡೆವೆಂದು ಚರ್ಚಾಸಭೆಯಲ್ಲಿ ನಿರ್ಣಯಿಸಿದರು. ಆ ವರ್ಷವೇ ಹಿಟ್ಲರನು ಅಧಿಕಾರಕ್ಕೆ ಬಂದಿದ್ದನು. ಅಹಿಂಸೆಯ ಆಚಾರ್ಯರಾದ ಗಾಂಧಿಯವರೇ 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಹಳ್ಳಿಹಳ್ಳಿ ಅಲೆದು ಸೈನ್ಯಕ್ಕೆ ಜನ ಸೇರಿರೆಂದು ಕೇಳಿದ್ದರು. ಅದೇ ವರ್ಷದ ಸೆಪ್ಟೆಂಬರ್ 23ರಂದು ಮೈಸೂರಿನ ಅಶ್ವದಳದವರು ಜೋಧಪುರದವರೊಡನೆ ಕೂಡಿ ಹೈಫಾ ನಗರವನ್ನು ಗೆದ್ದರು. ಮೈಸೂರಿನ ಆ ಯೋಧರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಅಲ್ಲಿ ನಿಂತವರಿಗೆ ಗೌರವ ಮೂಡದೆ ಇರದು. ಬೆಂಗಳೂರೆಂಬ ಹೆಸರು ಮೊತ್ತಮೊದಲು ಕಾಣುವುದೇ ಬೇಗೂರಿನ ಒಂದು ಕಲ್ಲಿನಲ್ಲಿ. ಕ್ರಿ.ಶ. 890ರ ಸುಮಾರಿನ ಆ ಶಾಸನವು ಬೆಂಗಳೂರು ಕಾಳಗದಲ್ಲಿ ಮಡಿದವನೊಬ್ಬನನ್ನು ಸ್ಮರಿಸುತ್ತದೆ. ಕಾದು ಸತ್ತವನಿಗೆ ಕಲ್ಲು ನಿಂತಿತು. ಕಾಳಗ ಬೇಡವೆಂದವರೂ ಆ ದಿನ ಯಾರಾದರೂ ಇದ್ದರೋ ಏನೋ, ಅವರಿಗೆ ಕಲ್ಲಿಲ್ಲ.

ಹಾಗಾದರೆ ಅವರ ಮಾತೆಲ್ಲ ನೀರಿನಲ್ಲಿ ಮಾಡಿದ ಹೋಮವೇ? ಇಲ್ಲಿ ಒಂದು ನಿದರ್ಶನವನ್ನು ವಾಚಕರ ಮುಂದಿಡುತ್ತೇವೆ. 2003ನೆಯ ಫೆಬ್ರವರಿ 15ರಂದು ಇರಾಕಿನ ಯುದ್ಧ ಬೇಡವೆಂದು ಪ್ರಪಂಚದ ನೂರಾರು ನಗರಗಳಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಮಾರ್ಚ್ 20ರಂದು ಯುದ್ಧ ಆರಂಭವಾಗಿಯೇ ಹೋಯಿತು. ಸೋತರೆಂದು ಎಲ್ಲರೂ ಅಂದರು. ಆದರೆ ಏಪ್ರಿಲಿನಲ್ಲಿ ನಮ್ಮ ಲೋಕಸಭೆಯು ಆ ಯುದ್ಧವನ್ನು ಖಂಡಿಸಿ ನಿರ್ಣಯ ಮಾಡಿತು. ನಮ್ಮ ಸೈನ್ಯವನ್ನೂ ಇರಾಕಿಗೆ ಕಳುಹಿಸಬೇಕೆಂದು ಅಮೆರಿಕೆಯು ಕೇಳಿದಾಗ, ಜುಲೈ ತಿಂಗಳಲ್ಲಿ ವಾಜಪೇಯಿಯವರ ಸರ್ಕಾರವು ಆಗದೆಂದಿತು. ಆ ನಿರ್ಧಾರಕ್ಕೆ ಹಲವು ಕಾರಣಗಳಿದ್ದಿರಬಹುದು, ಜನಾಭಿಪ್ರಾಯವೂ ಅವುಗಳಲ್ಲಿ ಒಂದು. ಯಾವ ಮಾರಕಾಸ್ತ್ರಗಳ ಹೆಸರಿನಲ್ಲಿ ಆ ಯುದ್ಧ ನಡೆಯಿತೋ ಆ ಅಸ್ತ್ರಗಳು ಅಲ್ಲಿ ದೊರೆಯಲೇ ಇಲ್ಲ.

ಈ ಸಂಗತಿ ನಮಗೆ ಕೇವಲ ಚರಿತ್ರೆಯಲ್ಲ. ನಮ್ಮ ಶಿಷ್ಯನೊಬ್ಬನು 1998ರಲ್ಲಿ ಸೈನ್ಯ ಸೇರಿ, ಹದಿನೇಳು ವರ್ಷ ಸೇವೆ ಸಲ್ಲಿಸಿ, ಈಗ ನಮ್ಮ ಬಡಾವಣೆಯ ವಸತಿಸಮುಚ್ಚಯವೊಂದರಲ್ಲಿ ಕಾವಲಿನವರ ಮೇಲ್ವಿಚಾರಕನಾಗಿದ್ದಾನೆ. ಶಬ್ದರೂಪಗಳನ್ನು ಒಪ್ಪಿಸಲಾರದೆ ನಮ್ಮಿಂದ ಬಹಳ ಬೈಸಿಕೊಂಡ ಹುಡುಗನವನು. 2003ರಲ್ಲಿ ಅವನು ಸೇವೆಯಲ್ಲಿದ್ದನು. ಸರ್ಕಾರವು ಅಂದು ಆಗಲೆಂದಿದ್ದರೆ, ನಮ್ಮ ನೆಲಕ್ಕೆ ಸಂಬಂಧಿಸದ ಮರಳುಗಾಡಿನಲ್ಲಿ ಸಾಯಲು ಅವನೂ ಹೋಗಬೇಕಾಗಿ ಬರುತ್ತಿದ್ದಿತೋ ಏನೋ. ಈ ಮಾತು ನಮಗೆ ಇಷ್ಟು ವರ್ಷ ಹೊಳೆದಿರಲೇ ಇಲ್ಲ.

ಆ ಮೇ ತಿಂಗಳ ಕೊನೆಯಲ್ಲಿ ಒಂದು ದಿನ ಅವನನ್ನು ಬೆಂಚಿನ ಮೇಲೆ ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ನಮ್ಮ ಮನೆಯಲ್ಲಿ ನಡೆದುದನ್ನು ಹೇಳಿ, "ನಿನಗೇನನ್ನಿಸುತ್ತದಪ್ಪಾ?" ಎಂದು ಕೇಳಿದೆವು. ಅವನು ಕೂಡಲೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಸಾರ್, ಗಡಿಯಲ್ಲಿ ಗುಂಡು ಹಾರುತ್ತಿರುವಾಗ ಊರಲ್ಲಿ ಬೇಡವೆಂದರೆ ಅಲ್ಲಿರುವವನ ಮನಸ್ಸು ನೋಯುತ್ತದೆ, ಅದು ಸುಳ್ಳಲ್ಲ. ಆದರೆ ನಮಗೆ ಆಜ್ಞೆ ಬಂದಮೇಲೆ ಪ್ರಶ್ನೆಯಿಲ್ಲ. ಏಕೆಂದು ನಾವು ಕೇಳುವ ಹಾಗಿಲ್ಲ, ಕೇಳಬಾರದು ಕೂಡ. ನಮಗೆ ಬದಲಾಗಿ ನೀವು ಕೇಳಬೇಕು. ನೀವೂ ಕೇಳದೆ ಹೋದರೆ ಇನ್ನಾರು ಕೇಳುತ್ತಾರೆ?" ಎಂದನು. ನಮ್ಮ ಬೆಂಚಿನ ಯುದ್ಧೋತ್ಸಾಹವನ್ನು ಕುರಿತು ಅವನು ಏನೂ ಹೇಳಲಿಲ್ಲ. ಹೇಳದಿದ್ದುದೇ ನಮಗೆ ತಾಗಿತು.

ಮನೆಗೆ ಬಂದು ಸಂವಿಧಾನದ ಪುಸ್ತಕವನ್ನು ತೆಗೆದು ನೋಡಿದೆವು. 19ನೆಯ ಅನುಚ್ಛೇದವು ನಾಗರಿಕನಿಗೆ ಮಾತನಾಡುವ ಹಕ್ಕನ್ನೂ, ಆಯುಧವಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕನ್ನೂ ಕೊಟ್ಟಿದೆ. 33ನೆಯ ಅನುಚ್ಛೇದವು ಸೈನಿಕನ ಹಕ್ಕುಗಳನ್ನು ಶಿಸ್ತಿನ ನಿಮಿತ್ತ ಸಂಕೋಚಿಸುವ ಅಧಿಕಾರವನ್ನು ಸಂಸತ್ತಿಗೆ ನೀಡಿದೆ. ಅಂತಾರಾಷ್ಟ್ರೀಯ ಶಾಂತಿಗಾಗಿ ಯತ್ನಿಸಬೇಕೆಂದು 51ನೆಯದು ಸರ್ಕಾರಕ್ಕೆ ಹೇಳಿದರೆ, 1976ರಲ್ಲಿ ಸೇರಿದ 51ಎ ಅನುಚ್ಛೇದವು ಕರೆ ಬಂದಾಗ ದೇಶವನ್ನು ರಕ್ಷಿಸುವುದು ಪ್ರಜೆಯ ಕರ್ತವ್ಯವೆಂದು ಹೇಳುತ್ತದೆ. ನಮ್ಮ ಶಿಷ್ಯನು ಎರಡು ಮಾತಿನಲ್ಲಿ ಹೇಳಿದ್ದೂ ಇದೇ ಅಲ್ಲವೆ? ಸೈನಿಕನು ತನ್ನ ಬಾಯಿಯನ್ನು ದೇಶಕ್ಕೆ ಅಡವಿಟ್ಟಿದ್ದಾನೆ. ಅವನ ಪಾಲಿನ ಪ್ರಶ್ನೆಯನ್ನು ಕೇಳುವ ಋಣ ಮನೆಯಲ್ಲಿ ಸುಖವಾಗಿರುವ ನಮ್ಮ ಮೇಲಿದೆ. ಯುದ್ಧವು ಅವಶ್ಯವೇ, ಬೇರೆ ದಾರಿಯಿಲ್ಲವೇ, ಎಲ್ಲಿಗೆ ನಿಲ್ಲುವುದು ಎಂದು ಕೇಳಿದ ಮಾತ್ರಕ್ಕೆ ದೇಶದ್ರೋಹವಾಗದು. ಉತ್ತರವು ಯುಕ್ತವಾಗಿದ್ದರೆ, ಕೇಳಿದವರೂ ಮನಸ್ಸೊಪ್ಪಿ ಹೆಗಲು ಕೊಡುವರು.

ಮಹಾಭಾರತದ ಉದ್ಯೋಗಪರ್ವವನ್ನು ನಾವು ಎಷ್ಟೋ ಸಲ ಪಾಠ ಹೇಳಿದ್ದೇವೆ. ಸಂಧಿಗಾಗಿ ಹಸ್ತಿನಾವತಿಗೆ ಬಂದ ಶ್ರೀಕೃಷ್ಣನು ರಾತ್ರಿ ವಿದುರನ ಮನೆಯಲ್ಲಿ ತಂಗಿರುತ್ತಾನೆ. ವಿದುರನು, ದುರ್ಯೋಧನನಿಗೆ ಹಿತ ಹೇಳುವುದು ಕಿವುಡರ ಮುಂದೆ ಹಾಡಿದಂತೆ, ನೀನು ಬರಬಾರದಿತ್ತು ಎನ್ನುತ್ತಾನೆ. ಕೃಷ್ಣನು ಅದನ್ನು ಅಲ್ಲಗಳೆಯುವುದಿಲ್ಲ. ಧರ್ಮಕಾರ್ಯಕ್ಕೆ ಶಕ್ತಿಯಿದ್ದಷ್ಟು ಯತ್ನಿಸಿ ಸೋತವನಿಗೂ ಅದರ ಪುಣ್ಯವುಂಟು, ಕೆಡುತ್ತಿರುವ ಮಿತ್ರನನ್ನು ಜುಟ್ಟು ಹಿಡಿದಾದರೂ ಎಳೆಯಬೇಕು, ತಡೆಯಬಲ್ಲವನಾಗಿದ್ದೂ ಕೃಷ್ಣನು ತಡೆಯಲಿಲ್ಲವೆಂಬ ಮಾತು ಬರಬಾರದು ಎಂಬುದು ಅವನ ಉತ್ತರದ ಸಾರ. ಸಂಧಿ ಮುರಿಯಿತು, ಕುರುಕ್ಷೇತ್ರ ನಡೆಯಿತು. ಆದರೂ ವ್ಯಾಸರು ಆ ಸೋತ ಪ್ರಯತ್ನಕ್ಕೆ ಎಷ್ಟೊಂದು ಅಧ್ಯಾಯಗಳನ್ನು ಮುಡಿಪಾಗಿಟ್ಟಿದ್ದಾರೆ! ಪ್ರಯತ್ನವೇ ನಡೆಯದೆ ಆದ ಯುದ್ಧಕ್ಕೂ, ಪ್ರಯತ್ನವು ಸೋತು ಆದ ಯುದ್ಧಕ್ಕೂ ಭೇದವುಂಟು. ಎರಡನೆಯದರಲ್ಲಿ ಹೋರಾಡುವವನ ಮನಸ್ಸಾದರೂ ನಿರ್ಮಲವಾಗಿರುತ್ತದೆ. ಇಷ್ಟನ್ನು ಮಕ್ಕಳಿಗೆ ಪರೀಕ್ಷೆಗೆಂದು ಹೇಳಿಕೊಟ್ಟ ನಾವು, ನಮ್ಮ ಮನೆಯ ಹುಡುಗಿ ಕಾಗದ ಬಿಡಿಸಿದ ರಾತ್ರಿ ವಿದುರನ ನಿರಾಶೆಯನ್ನು ಮಾತ್ರ ಆಡಿದೆವು. ವಿದುರನ ವಾತ್ಸಲ್ಯವೂ ನಮ್ಮಲ್ಲಿರಲಿಲ್ಲ.

ದೇಶಭಕ್ತಿಯನ್ನು ಕುರಿತು ಇನ್ನೊಂದು ಮಾತು. ಅಥರ್ವವೇದದ ಭೂಮಿಸೂಕ್ತದಲ್ಲಿ ಋಷಿಯು ತಾನು ಭೂಮಿಯ ಮಗನೆನ್ನುತ್ತಾನೆ. ನಾನಾ ಭಾಷೆಗಳನ್ನಾಡುವ, ನಾನಾ ಆಚಾರಗಳ ಜನರನ್ನು ಒಂದೇ ಮನೆಯವರಂತೆ ಹೊತ್ತವಳು ಆ ತಾಯಿ ಎನ್ನುತ್ತಾನೆ. ಮಗನಾದವನ ಪ್ರೀತಿಗೆ ಶತ್ರುವೊಬ್ಬನು ಇರಲೇಬೇಕೆಂಬ ನಿಯಮವಿಲ್ಲ. ಶತ್ರುವಿಲ್ಲದ ದಿನಗಳಲ್ಲಿ ನಮ್ಮ ದೇಶಭಕ್ತಿ ಎಲ್ಲಿರುತ್ತದೆಂದು ಯೋಚಿಸಿದಾಗ, ಬೆಂಚಿನ ಕಡೆಗೆ ವೃಷಭಾವತಿಯ ಗಾಳಿ ಬೀಸಿತು. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆಂದು ಹಿರಿಯರು ಪೂಜಿಸಿದ ಹೊಳೆಯನ್ನು ಕೊಚ್ಚೆ ಮಾಡಿದವರು ಗಡಿಯಾಚೆಯಿಂದ ಬಂದವರಲ್ಲ. ಅದನ್ನು ಕುರಿತು ನಮ್ಮಲ್ಲಿ ಯಾರೂ ಒಂದು ಅರ್ಜಿಯನ್ನೂ ಬರೆದಿರಲಿಲ್ಲ.

ಫ್ರೀಡಂ ಪಾರ್ಕು ಹಿಂದೆ ಸೆಂಟ್ರಲ್ ಜೈಲಾಗಿತ್ತು. 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಮೊದಲಾದವರು ಅಲ್ಲಿ ಸೆರೆಯಲ್ಲಿದ್ದರು. ಸರ್ಕಾರಕ್ಕೆ ಬೇಡವೆಂದವರನ್ನು ಕೂಡಿಹಾಕಿದ ಸ್ಥಳವೇ ಇಂದು ಬೇಡವೆನ್ನುವವರಿಗೆ ಗೊತ್ತುಮಾಡಿದ ಸ್ಥಳವಾಗಿದೆ. ಅಂದು ಒಳಗಿದ್ದವರಲ್ಲಿ ಒಬ್ಬರು ಮುಂದೆ ಪ್ರಧಾನಿಗಳಾಗಿ, ಇರಾಕಿಗೆ ಸೈನ್ಯವಿಲ್ಲವೆಂದರು. ಬೇಡವೆಂದವರ ಮಾತು ಎಲ್ಲಿ ಬಿತ್ತನೆಯಾಗಿ ಎಲ್ಲಿ ಮೊಳೆಯುವುದೆಂದು ಬಲ್ಲವರಾರು?

ಆಷಾಢದಲ್ಲಿ ತಮ್ಮನ ಮಗಳು ಮತ್ತೊಮ್ಮೆ ಬಂದಿದ್ದಳು. ನಾವು ಅವಳೊಡನೆ, "ಅಂದು ನಾವು ಆಡಿದ್ದು ತಪ್ಪಾಯಿತಮ್ಮಾ" ಎಂದೆವು. ಅವಳು ನಾಚಿ, "ಇರಲಿ ಬಿಡಿ ದೊಡ್ಡಪ್ಪ" ಎಂದಳು. ಆ ಕಾಗದವೇನಾಯಿತೆಂದು ಕೇಳಿದಾಗ, ಹಿಂಬದಿಯಲ್ಲಿ ಕಾಲೇಜಿನ ಯಾವುದೋ ನಕ್ಷೆ ಬರೆದು ಒಪ್ಪಿಸಿಬಿಟ್ಟೆನೆಂದಳು. ನಮ್ಮ ಮನೆಯವರು ನಕ್ಕರು, ನಮಗೆ ನಗು ಬರಲಿಲ್ಲ.

ಅಂತಹ ದಿನ ದೇಶಕ್ಕೆ ಮತ್ತೆ ಬಾರದಿರಲಿ ಎಂದೇ ನಮ್ಮ ಪ್ರಾರ್ಥನೆ. ಬಂದರೆ, ಗಡಿಯಲ್ಲಿರುವವರ ಕ್ಷೇಮಕ್ಕೆಂದು ಎಂದಿನಂತೆ ದೀಪ ಹಚ್ಚುವೆವು. ಅನಂತರ ಅವಳೊಡನೆ ಮೆಟ್ರೋ ನಿಲ್ದಾಣದವರೆಗೆ ನಡೆದು ಹೋಗುವೆವು. ಮಂಡಿ ಒಪ್ಪಿದರೆ ಫ್ರೀಡಂ ಪಾರ್ಕಿನವರೆಗೂ ಹೋಗಿ, ಒಂದು ಗಂಟೆ ಅವಳ ಪಕ್ಕದಲ್ಲಿ ನಿಲ್ಲುವೆವು.